ಮೌಶಿಯ ಮೋಟಾರ್ ಸೈಕಲ್ಲು

ನಮ್ಮ ಮೌಶಿಗೆ, ಅಂದರೆ ನಮ್ಮ ಅವ್ವನ ತಂಗಿಗೆ, ತಲೆ ಕೆಟ್ಟಿದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಕೆಟ್ಟಿದ್ದರೆ ಇಷ್ಟೊತ್ತಿಗೆ ಅದನ್ನೂ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಬಿಸಿಲಿಗೆ ಒಣಗಲು ಇಟ್ಟಿರುತ್ತಿದ್ದಳು!

ಹುಮನಾಬಾದಿನ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದ ಹೆಂಗಸು. ಬಸವಕಲ್ಯಾಣದ ತನ್ನ ಮನೆಯಲ್ಲಿ ಆರಾಮಾಗಿ ಕೂರಬಹುದಿತ್ತು. ಕೂತಳೇ? ಗಂಡನ ಊರಾದ ಹುಡಗಿ ಎಂಬ ಹಳ್ಳಿಗೆ ಯಾರದೋ ಕುಬಸಕ್ಕೆಂದು ಹೋದವಳು, ಬಸುರಿಗೆ ಉಡಿ ತುಂಬುವುದನ್ನು ಬಿಟ್ಟು ದನದ ಕೊಟ್ಟಿಗೆಗೆ ಹೊಕ್ಕಳು. ಅಲ್ಲಿ ಒಣಗಿದ ಜೋಳದ ಕಣಕಿಯ ರಾಶಿಯ ಕೆಳಗೆ ಒಂದು ಸಣ್ಣ ಮೋಟಾರ್ ಸೈಕಲ್ಲು ಬಿದ್ದಿತ್ತು. ಕಾಕಾ, ಅಂದರೆ ಆಕೆಯ ಗಂಡ, ತರುಣರಿದ್ದಾಗ ಓಡಿಸಿದ ಗಾಡಿ. ಈಗ ಅದರ ಸೀಟಿನ ಮೇಲೆ ಕೋಳಿಯೊಂದು ಕಾವಿಗೆ ಕೂತಿತ್ತು. ಮೌಶಿ ಕೋಳಿಯನ್ನು ಮರ್ಯಾದೆಯಿಂದ ಬೇರೆ ಕಡೆ ಕೂರಿಸಿ, ಗಾಡಿಯನ್ನು ಟ್ರ್ಯಾಕ್ಟರಿಗೆ ಹೇರಿಸಿದಳು.

ಬಸವಕಲ್ಯಾಣದಲ್ಲಿ ಇಳಿಸುವಾಗ ಎದುರುಮನೆಯವರು ಕೇಳಿದರು, "ಗುಜರಿಗಿ ಹಾಕಾಕ ಒಯ್ಯಾಕತ್ತೀರೇನ್ರಿ?"

"ಇಲ್ರಿ, ಬಾಣಂತನಕ್ಕ ಕರಕೊಂಡು ಬಂದೀನಿ."

ಕಾಕಾ ಬಾಗಿಲಲ್ಲಿ ನಿಂತು ಗಾಡಿಯನ್ನು ಮೇಲಿಂದ ಕೆಳಗಿನ ತನಕ ನೋಡಿದರು. "ಇದು ಸತ್ತು ಎಷ್ಟೋ ವರ್ಷ ಆತು. ನಿನಗ ಈಗ ಅಳು ಬಂತೇನು?" ಎಂದು ಕೇಳಿ ಒಳಗೆ ಹೋದರು.

ಮೌಶಿ ಜೀವಮಾನದಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದವಳಲ್ಲ. ಫೋನಿನಲ್ಲಿ ವಿಡಿಯೋ ಹಚ್ಚಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ನಡುಮನೆಯಲ್ಲೇ ಕೆಲಸ ಶುರು ಮಾಡಿದಳು. ವಿಡಿಯೋದಲ್ಲಿ ಮಾತಾಡುವವನು ಅವಸರ ಮಾಡಿದರೆ, "ಜರಾ ಆಹಿಸ್ತಾ ಬೋಲೋ ಬಾಬಾ!" ಎಂದು ಫೋನಿಗೇ ಗದರುತ್ತಿದ್ದಳು. ಅವನು ಕೇಳುತ್ತಿರಲಿಲ್ಲ ಅನ್ನಿ. ಹಿಂದಿನ ಬೆಂಚಿನ ಹುಡುಗರನ್ನು ಕಂಡ ಆಕೆಗೆ ಅದೇನು ಹೊಸದೇ?

ಗಾಡಿ ಬಿಚ್ಚಿಕೊಂಡಂತೆಲ್ಲ ಅಡುಗೆಮನೆ ತುಂಬುತ್ತ ಹೋಯಿತು. ಉಪ್ಪಿನಕಾಯಿ ಭರಣಿಯಲ್ಲಿ ಕಾರ್ಬೊರೇಟರ್ ನೆನೆಯುತ್ತಿತ್ತು. ನಟ್ಟುಬೋಲ್ಟುಗಳು ಮಸಾಲೆ ಡಬ್ಬಿ ಸೇರಿದವು. ಒಂದು ದಿನ ಕಾಕಾ ಒಳಗಿನಿಂದ ಕೂಗಿದರು, "ಏ, ಜೀರಿಗಿ ಎಲ್ಲಿ ಅದ?"

"ಕ್ಲಚ್ಚಿನ ಸ್ಪ್ರಿಂಗ್ ಪಕ್ಕಕ್ಕ!"

ಅಂದು ಊಟಕ್ಕೆ ನಾನೂ ಇದ್ದೆ. ಕಾಕಾ ತುತ್ತನ್ನು ಬಹಳ ಎಚ್ಚರಿಕೆಯಿಂದ ಅಗಿದು ಹೇಳಿದರು, "ಪಲ್ಯ ಛಲೋ ಆಗ್ಯಾದ. ಬೋಲ್ಟ್ ಸ್ವಲ್ಪ ಕಮ್ಮಿ ಬಿದ್ದಾವ."

ಇನ್ನು ಸೈಲೆನ್ಸರಿನ ಕತೆ. ಅದನ್ನು ಹುಮನಾಬಾದಿಗೆ ಒಯ್ದು ಬೆಸುಗೆ ಹಾಕಿಸಬೇಕಿತ್ತು. ಮೌಶಿ ಅದನ್ನು ಹಳೇ ಸೀರೆಯಲ್ಲಿ ಸುತ್ತಿ, ಎದೆಗವಚಿಕೊಂಡು ಬಸ್ಸು ಹತ್ತಿದಳು. ಬಸ್ಸು ತುಂಬಿತ್ತು. ಒಬ್ಬ ಹೆಣ್ಣುಮಗಳು ತಟ್ಟನೆ ಎದ್ದು ಸೀಟು ಬಿಟ್ಟುಕೊಟ್ಟು, "ಪಾಪ, ಕೂಸಿಗಿ ಆರಾಮಿಲ್ಲೇನ್ರಿ?" ಎಂದಳು.

ಮೌಶಿ ಕೂತು, ಸೆರಗು ಸರಿಮಾಡಿಕೊಂಡು, "ಗಂಟಲಾಗ ಕಫ ಕಟ್ಟ್ಯಾದ್ರಿ," ಎಂದಳು. ಅದು ಪೂರ್ತಿ ಸುಳ್ಳು ಎಂದು ನಾನಂತೂ ಹೇಳಲಾರೆ!

ಹುಮನಾಬಾದಿನ ಮೆಕ್ಯಾನಿಕ್ ಆಕೆಯ ಹಳೇ ವಿದ್ಯಾರ್ಥಿ. ಈಗ ಅವನ ಗಡ್ಡವೇ ನೆರೆತಿದೆ. ಆದರೂ ಆಕೆ ಬಂದರೆ ಬಾಯಲ್ಲಿನ ಗುಟ್ಕಾ ನುಂಗಿ, ಕೈಕಟ್ಟಿ ನಿಲ್ಲುತ್ತಾನೆ.

"ಅಕ್ಕೋರೆ, ಗಾಡಿ ನನ್ನ ಕಡೆ ಕಳಸ್ರಿ. ನಾ ಮಾಡಿ ಕೊಡತೀನಿ."

"ನೀ ಮಾಡಿದ್ರ ನಾ ಏನ್ ಕಲ್ತಂಗಾತು? ಪರೀಕ್ಷಾದಾಗ ನಿನ್ನ ಲೆಕ್ಕ ನಾ ಮಾಡಿ ಕೊಟ್ಟಿದ್ನೇನು?"

"ಕೊಟ್ಟಿದ್ರ ಪಾಸ್ ಆಗ್ತಿದ್ನಿರಿ," ಎಂದ ಅವನು ನೆಲ ನೋಡುತ್ತ.

ಕೊನೆಗೂ ಒಂದು ಸಂಜೆ ಗಾಡಿ ಎದ್ದು ನಿಂತಿತು. ಜೋಡಿಸಿದ ಮೇಲೆ ಒಂದು ಬೊಗಸೆ ಸಾಮಾನು ಉಳಿದಿತ್ತು. "ಕಂಪನಿಯವ್ರು ಹೆಚ್ಚಿಗಿ ಹಾಕಿದ್ರು," ಎಂದು ಮೌಶಿ ತೀರ್ಪು ಕೊಟ್ಟಳು. ಒದ್ದಳು, ಮತ್ತೆ ಮತ್ತೆ ಒದ್ದಳು. ಗಾಡಿ ಕೆಮ್ಮಿ, ಗುಡುಗಿ, ಓಣಿಯ ತುಂಬ ಹೊಗೆ ಬಿಟ್ಟಿತು. ಜನ ಪಟಪಟನೆ ಕಿಟಕಿ ಹಾಕಿಕೊಂಡರು. ಎದುರುಮನೆಯವರು ಒಳಗಿನಿಂದಲೇ ಶಹಭಾಸ್‌ಗಿರಿ ಕೊಟ್ಟರು, "ಸೊಳ್ಳಿ ಔಷಧ ಈ ಸಲ ಭಾಳ ಜೋರ್ ಅದ ನೋಡ್ರಿ!"

ದಿನ ಕಳೆದಂತೆ ಹೊಗೆ ನಿಂತಿತು. ಒಂದೇ ಒದೆತಕ್ಕೆ ಚಾಲೂ ಆಗತೊಡಗಿತು. ಮೌಶಿ ಕೋಟೆಯ ಹತ್ತಿರದ ಬಯಲಲ್ಲಿ ಓಡಿಸುವುದನ್ನೂ ಕಲಿತಳು. ಉಳಿದದ್ದು ನಡುಕವೊಂದೇ. ಎಂಥ ನಡುಕವೆನ್ನುತ್ತೀರಿ! ಕನ್ನಡಿಯಲ್ಲಿ ಒಂದು ಎಮ್ಮೆ ಬಂದರೆ ಹಿಂಡೇ ಬಂದಂತೆ ಕಾಣುತ್ತಿತ್ತು.

ಒಂದು ಭಾನುವಾರ ಮೆಕ್ಯಾನಿಕ್ ತಾನಾಗಿ ಬಸವಕಲ್ಯಾಣಕ್ಕೆ ಬಂದ. "ಅಕ್ಕೋರೆ, ಇಂಜಿನ್ ಬುಡದಾಗಿನ ರಬ್ಬರ್ ಸವದಾವ. ಹೊಸಾವ ತಂದೀನಿ. ಹಾಕಿದ್ರ ಗಾಡಿ ಹೂವಿನಂಗ ಹೋಗತದ."

"ಬ್ಯಾಡಪ್ಪ. ಇರ್ಲಿ ಬಿಡು."

ಅವನು ನನ್ನ ಮುಖ ನೋಡಿದ. "ಯಾಕ ಮೌಶಿ?" ಎಂದೆ. ಆಕೆ ಮನೆಯ ಕಡೆ ತಿರುಗಿ ಕೂಗಿದಳು, "ಏನ್ರೀ, ಅಂಗಿ ಹಾಕ್ಕೊಂಡು ಬರ್ರಿ. ಚಹಾ ಕುಡದು ಬರಾಮಿ."

ಕಾಕಾ ಹೊರಗೆ ಚಹಾ ಕುಡಿಯುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಅವರ ಕೈ ನಡುಗುತ್ತಿತ್ತು. ಚಹಾದ ಕಪ್ಪು ತುಟಿಗೆ ಮುಟ್ಟುವುದರೊಳಗೆ ಅರ್ಧ ಚೆಲ್ಲುತ್ತಿತ್ತು. ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಗೆಳೆಯರ ಜೊತೆ ದಿನಾ ಕೂರುತ್ತಿದ್ದವರು, ಮಂದಿ ನೋಡುತ್ತಾರೆಂದು ಮದುವೆ ಊಟಕ್ಕೂ ಹೋಗದಂತಾಗಿದ್ದರು. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಅಂದು ಏನನ್ನಿಸಿತೋ, ಬಂದರು. ಹೆಂಡತಿಯ ಹೆಗಲ ಮೇಲೆ ಎರಡೂ ಕೈ ಇಟ್ಟು ಹಿಂದೆ ಕೂತರು. ನಾನು ನನ್ನ ಸ್ಕೂಟರಿನಲ್ಲಿ ಬೆನ್ನು ಹತ್ತಿದೆ.

ಹೋಟೆಲಿನ ಮುಂದೆ ಮೌಶಿ ಗಾಡಿ ನಿಲ್ಲಿಸಿದಳು, ಆದರೆ ಇಂಜಿನ್ ಬಂದ್ ಮಾಡಲಿಲ್ಲ. ಗೆಳೆಯರೆಲ್ಲ ಎದ್ದು ಬಂದರು. ಚಹಾ ಗಾಡಿಯ ಬಳಿಗೇ ಬಂತು. ಕಾಕಾ ಕೂತಲ್ಲೇ ಕಪ್ಪು ಹಿಡಿದರು. ಗಾಡಿ ನಡುಗುತ್ತಿತ್ತು, ಕನ್ನಡಿ ನಡುಗುತ್ತಿತ್ತು, ಮೌಶಿಯ ಬಳೆಗಳೂ ನಡುಗುತ್ತಿದ್ದವು. ಚಹಾ ಕಾಕಾರ ಅಂಗಿಯ ಮೇಲೆ ಚೆಲ್ಲಿತು.

"ವೈನಿ, ಗಾಡಿ ಬಂದ್ ಮಾಡ್ರಿ! ಚಹಾ ಎಲ್ಲಾ ಚೆಲ್ಲಾಕತ್ತದ!" ಎಂದು ಗೆಳೆಯರೊಬ್ಬರು ಮೌಶಿಗೆ ಕೂಗಿ ಹೇಳಿದರು.

"ಬಂದ್ ಮಾಡಿದ್ರ ಮತ್ತ ಚಾಲೂ ಆಗಂಗಿಲ್ರಿ," ಎಂದಳು ಮೌಶಿ, ಮುಂದಿನ ರಸ್ತೆ ನೋಡುತ್ತ.

ಕಾಕಾ ಆಕೆಯ ಬೆನ್ನನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಒದ್ದೆಯಾದ ಅಂಗಿಯನ್ನು ಕೊಡವಿ, ಜೋರಾಗಿ ನಕ್ಕು, ಹೋಟೆಲಿನ ಕಡೆ ಕೈ ಎತ್ತಿದರು, "ಇನ್ನೊಂದು ಕಪ್ ಕಳಸ್ರಿ!"