ಕೇಬಲ್ ಕಲ್ಲಿನ ಅಪ್ಪಣೆ

ತಂಬ್ರಹಳ್ಳಿಯ ಬಸ್ ಸ್ಟ್ಯಾಂಡ್ ಪಕ್ಕ ಸುಂಕಮ್ಮನ ಚಹಾದಂಗಡಿಯಲ್ಲಿ ಕೂತು ಗವಿಸಿದ್ದೇಶ್ ಬಿಸಿ ಮಿರ್ಚಿ ಭಜಿಯನ್ನು ಇನ್ನೇನು ಬಾಯಿಗಿಡಬೇಕು, ಅಷ್ಟರಲ್ಲಿ ಊರಿನ ನೆಟ್ ಹೋಯಿತು. ಅವನು ಫೋನ್ ನೋಡಲಿಲ್ಲ, ನೋಡುವ ಅಗತ್ಯವೂ ಬರಲಿಲ್ಲ. ರೇಷನ್ ಅಂಗಡಿ ಮುಂದಿನ ಸಾಲು, ಬ್ಯಾಂಕಿನ ಮೆಟ್ಟಿಲ ಮೇಲಿದ್ದವರು, ಮೊಬೈಲ್ ಅಂಗಡಿಯ ಕೊಟ್ರಸ್ವಾಮಿ, ಎಲ್ಲರೂ ಒಮ್ಮೆಲೇ ಅವನ ಕಡೆ ತಿರುಗಿದ್ದರು. ಹಗರಿಬೊಮ್ಮನಹಳ್ಳಿಯಿಂದ ಇಲ್ಲಿಗೆ ಬರುವ ಫೈಬರ್ ಲೈನ್ ನೋಡಿಕೊಳ್ಳುವವನು ಅವನೇ.

ಮಿರ್ಚಿಯನ್ನು ತಟ್ಟೆಗೆ ಹಾಕಿ ಎದ್ದ.

ಆ ಕೆಲಸದ ಮೇಲೆ ಅವನಿಗಿದ್ದ ಅಭಿಮಾನ ಅಷ್ಟಿಷ್ಟಲ್ಲ. ಊರು ಮೊದಲು ಕಂಡದ್ದು ಕಂಬದ ಫೋನ್ ತಂತಿ. ಆಮೇಲೆ ಬ್ಯಾಂಕಿನ ಮಾಳಿಗೆ ಮೇಲೆ ಆಕಾಶ ನೋಡುವ ಛತ್ರಿ ಬಂತು, ಮೋಡ ಕವಿದರೆ ಅದಕ್ಕೆ ಮುನಿಸು. ಆಮೇಲೆ ಬಂದ ಟವರ್, ಸಂಜೆ ಎಲ್ಲರೂ ಒಟ್ಟಿಗೆ ವಿಡಿಯೋ ಹಚ್ಚಿದರೆ ಏದುಸಿರು ಬಿಡುತ್ತಿತ್ತು. ಈಗ ನೆಲದೊಳಗೆ ಕೂದಲೆಳೆಯಷ್ಟು ಗಾಜು. ಟವರಿಗೂ ಅದರಿಂದಲೇ ಜೀವ.

"ಅದರಾಗ ಬೆಳಕು ಓಡತೈತ್ರಿ" ಎಂದು ಅವನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. "ನೀವು ಇಲ್ಲಿ ಹೆಬ್ಬೆಟ್ಟು ಒತ್ತೂದ್ರಾಗ ಅದು ಬೆಂಗಳೂರಿಗೆ ಹೋಗಿ, ಕೇಳಿ, ಉತ್ತರ ತಗೊಂಡು ಬಂದಿರತೈತಿ. ಎಂಥಾ ನಂಬಿಗಸ್ತ ಆಳು ನೋಡ್ರಿ."

ಫೋನ್ ಬಂತು. ಮಾತಿಗೆ ಮಾತ್ರ ಇನ್ನೊಂದು ಹಳೆಯ ಟವರ್ ಇತ್ತು. ಆ ಕಡೆ ಹರಪನಹಳ್ಳಿ ಆಫೀಸಿನ ಮೇಲ್ವಿಚಾರಕ ಪ್ರವೀಣಕುಮಾರ್.

"ಏನ್ರೀ ಗವಿಸಿದ್ದೇಶ್, ವರ್ಷಾನುಗಟ್ಲೆ ಒಂದ್ಸಲಾನೂ ಲೈನ್ ಕಡಿದಿಲ್ಲ ಅಂತ ನಿಮ್ಮನ್ನ ಪರ್ಮನೆಂಟ್ ಮಾಡಾಕೆ ಬರೆದು ಕಳ್ಸೀನಿ. ಇವತ್ತೇ ಮೇಲಿನೋರು ಅದನ್ನ ನೋಡ್ತಾರೆ. ಸಂಜಿ ಒಳಗೆ ಲೈನ್ ಬರ್ಲಿಲ್ಲ ಅಂದ್ರೆ ಪರ್ಮನೆಂಟ್ ಬಿಡ್ರಿ, ಈಗಿರೋ ಕೆಲ್ಸಾನೂ ಉಳಿಯಲ್ಲ."

ಗವಿಸಿದ್ದೇಶ್ ಮಷಿನು ಹಚ್ಚಿದ. ಗಾಜಿನೊಳಗೆ ಬೆಳಕು ಬಿಟ್ಟು, ಎಲ್ಲಿಗೆ ತಲುಪಿ ಅದು ತಿರುಗಿತು ಎಂದು ಅಳೆದು, ಕಡಿದ ಜಾಗ ಹೇಳುವ ಮಷಿನು ಅದು. ಅದು ತೋರಿಸಿದ ಜಾಗವನ್ನು ಅವನು ಎರಡೆರಡು ಸಲ ನೋಡಿದ. ಸುಂಕಮ್ಮನ ಅಂಗಡಿಯ ಎದುರಿಗೆ, ರಸ್ತೆಯಾಚೆ ಬೇವಿನ ಮರದ ಬುಡದಲ್ಲಿ ನಿಂತಿದ್ದ ಕೇಬಲ್ ಕಲ್ಲಿನ ಕೆಳಗೇ.

ಆ ಕಲ್ಲಿನ ಕತೆ ಅವನೊಬ್ಬನಿಗೇ ಗೊತ್ತು. ಇಲ್ಲಿ ಕೇಬಲ್ ಇದೆ, ಅಗೆಯಬೇಡಿ ಎಂದು ಬರೆದು ಕಂಪನಿಯವರು ದಾರಿಯುದ್ದಕ್ಕೂ ಸಿಮೆಂಟಿನ ಕಲ್ಲು ನೆಟ್ಟಿದ್ದರು. ಓದಿದವರು ಯಾರು? ನೀರಿನ ಪೈಪಿನವರು ಅಗೆದರು, ಚರಂಡಿಯವರು ಅಗೆದರು, ಯಾರ ಜೆಸಿಬಿ ಬಂದರೂ ಮೊದಲ ಬಾಯಿ ಕೇಬಲ್ಲಿಗೇ. ರೋಸಿಹೋದ ಗವಿಸಿದ್ದೇಶ್ ವರ್ಷಗಳ ಹಿಂದೆ ಒಂದು ನಸುಕಿನಲ್ಲಿ ಬಂದು ಆ ಕಲ್ಲಿಗೆ ಅರಿಶಿನ ಬಳಿದು, ಮೂರು ಬೊಟ್ಟು ಕುಂಕುಮ ಇಟ್ಟು, ಏನೂ ಅರಿಯದವನಂತೆ ಚಹಾ ಕುಡಿಯುತ್ತ ಕೂತಿದ್ದ. ಅವತ್ತಿನಿಂದ ಅಲ್ಲಿ ಒಂದು ಸಲಿಕೆಯೂ ನೆಲಕ್ಕೆ ತಾಗಲಿಲ್ಲ. ಸುಂಕಮ್ಮ ಕಲ್ಲವ್ವ ಎಂದು ಹೆಸರಿಟ್ಟಳು. ದಿನಾ ಬೆಲ್ಲ, ಕೊಬ್ಬರಿ, ಮೊದಲ ಮಿರ್ಚಿ ಅಲ್ಲಿಗೇ ಹೋಗುತ್ತಿತ್ತು.

ಈಗ ಅದೇ ಕಲ್ಲು ಕಿತ್ತು ಅಗೆಯಬೇಕು. ಜಾಯಿಂಟಿನ ಡಬ್ಬಿ ಇದ್ದದ್ದು ಅದರ ಅಡಿಯಲ್ಲಿ, ಪಕ್ಕದಲ್ಲಿ ಅಗೆದರೆ ಉಪಯೋಗವಿಲ್ಲ.

ಮರದ ಹಿಂದಿನಿಂದ ಮೆಲ್ಲಗೆ ಹಾರೆ ಹಾಕಿದ. ಒಂದು ಹಿಡಿ ಮಣ್ಣೂ ಎದ್ದಿರಲಿಲ್ಲ, ಸುಂಕಮ್ಮ ಮಿರ್ಚಿ ಕರಿಯುವ ಜಾಲರಿ ಹಿಡಿದೇ ರಸ್ತೆ ದಾಟಿದಳು.

"ಏನ್ ಮಾಡಾಕ ಹತ್ತೀಯೋ ಗವಿಸಿದ್ದ?"

"ನೆಟ್ ರಿಪೇರಿ, ಅಜ್ಜಿ. ಕಲ್ಲು ಒಂಚೂರು ಸರಸಬೇಕು."

"ನಿಮ್ಮವ್ವ ಕುಂತಾಕಿನ್ನ ಹಿಂಗಾ ಸರಸತೀಯೇನು? ಅವ್ವನ್ನ ಕೇಳೀಯೇನು?"

ನೆಟ್ ಬೇಕೆಂದು ಕೂಗುತ್ತಿದ್ದ ಜನವೇ ಈಗ ಅಗೆಯಬಾರದೆಂದು ಸುತ್ತ ನಿಂತಿತು. ಕುರಿ ಹೊಡೆದುಕೊಂಡು ಹೊರಟಿದ್ದ ದೊಡ್ಡಬೀರಪ್ಪಜ್ಜ ಕಂಬಳಿ ಹಾಸಿ ಕಲ್ಲಿನ ಪಕ್ಕದಲ್ಲೇ ಕೂತ. ಊರಿನ ಹಿರಿಯ, ಅವನ ಮಾತು ದಾಟುವವರಿಲ್ಲ. ಕುರಿಗಳೂ ಅವನ ಸುತ್ತ ಕೂತವು. ಕೊಟ್ರಸ್ವಾಮಿ ಬ್ಯಾಂಕಿನ ಹಳೇ ಛತ್ರಿ ತಿರುಗಿಸಿ ನೋಡೋಣ ಎಂದ, ಯಾರದೋ ಡಾಂಗಲ್ ತಂದ, ಕಡೆಗೆ ಏನೂ ತೋಚದೆ ವಿಡಿಯೋ ಮಾಡತೊಡಗಿದ.

ಬಿಸಿಲು ಏರಿತು. ಪ್ರವೀಣಕುಮಾರ್ ಮತ್ತೆ ಮತ್ತೆ ಫೋನ್ ಮಾಡಿದ. ಗವಿಸಿದ್ದೇಶನಿಗೆ ಇನ್ನು ತಡೆಯಲಾಗಲಿಲ್ಲ.

"ಅಜ್ಜಾ, ಅಜ್ಜಿ, ಖರೇ ಹೇಳತೀನಿ. ಇದು ಕಂಪನಿ ಕಲ್ಲು. ಅವತ್ತು ಅರಿಶಿನ ಹಚ್ಚಿದಾವ ನಾನಾ. ಯಾರೂ ಅಗೀಬಾರದು ಅಂತ ಹಚ್ಚಿದ್ದೆ."

ಹೊಡೆತ ಬಿದ್ದೇ ಬೀಳುತ್ತದೆಂದು ಅವನು ಕಣ್ಣು ಮುಚ್ಚಿದ.

"ಹಚ್ಚಿದ ಕೈ ನಿಂದು" ಎಂದ ದೊಡ್ಡಬೀರಪ್ಪಜ್ಜ ಶಾಂತವಾಗಿ. "ಹಚ್ಚು ಅಂತ ಬುದ್ಧಿ ಕೊಟ್ಟಾಕಿ ಯಾರು?"

ಸುಂಕಮ್ಮನ ಕಣ್ಣು ತುಂಬಿ ಬಂತು. "ಇಷ್ಟು ದಿನ ಮೊದಲ ಪೂಜಾರಿ ಯಾರು ಅಂತ ಗೊತ್ತಿರಲಿಲ್ಲ ನೋಡಪ್ಪ. ನೀನಾ ಹೂ ಕೇಳು. ಬಲದ ಹೂ ಬಿದ್ದರ ಅಪ್ಪಣಿ ಆತು ಅಂತ ಅಗಿ. ಬೆಳಗಿನಿಂದ ಏನರ ತಿಂದೀಯೇನು?"

"ಮಿರ್ಚಿ ಬಾಯಿತನಕ ಹೋಗಿತ್ತು."

"ತಿಂದಿಲ್ಲ ಹೌದಲ್ಲೋ, ಅವ್ವನಾ ಉಪವಾಸ ಇಟ್ಟಾಳ" ಎಂದಳು ಆಕೆ.

ಗವಿಸಿದ್ದೇಶನಿಗೆ ಬೋರಿನ ಕೆಳಗೆ ಸ್ನಾನವಾಯಿತು. ಯಾರದೋ ಪಂಚೆ ಒದ್ದೆಯಾಗಿ ಅವನ ಸೊಂಟ ಸೇರಿತು. ಹಡಗಲಿಯಿಂದ ಬಂದ ಬಸ್ಸಿನಲ್ಲಿ ಮಲ್ಲಿಗೆ ಇತ್ತು, ಅದನ್ನು ಬಿಡಿಸಿ ಕಲ್ಲಿನ ಎಡಕ್ಕೂ ಬಲಕ್ಕೂ ಹಚ್ಚಿದರು. ಅವನು ಕೈಮುಗಿದು ನಿಂತ. ಇಲ್ಲಿ ಹೆಬ್ಬೆಟ್ಟು ಒತ್ತಿದರೆ ಬೆಂಗಳೂರಿನಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ತರಿಸುವ ಮನುಷ್ಯ, ಮೊಳ ದೂರದ ಕಲ್ಲಿನ ಉತ್ತರಕ್ಕೆ ಕಾದೇ ಕಾದ. ಹೊಟ್ಟೆ ಚುರುಗುಟ್ಟಿತು. ಗಾಳಿಯ ಸುಳಿವಿಲ್ಲ. ತಾಯಿ, ನನ್ನ ಕೆಲಸ ಉಳಿಸು ಎಂದು ಅವನು ಕೇಳಿಕೊಂಡದ್ದು ನಾಟಕವಾಗಿರಲಿಲ್ಲ.

ಆಗ ಕಲ್ಲು ಸಣ್ಣಗೆ ಅಲುಗಿತು. ಬಲಗಡೆಯ ಹೂವು ಟಪ್ಪನೆ ಬಿತ್ತು.

ಜನ ಅಡ್ಡಬಿದ್ದರು. ಎಲ್ಲರ ತಲೆ ನೆಲಕ್ಕಿದ್ದಾಗ, ಬೇರಿನ ಸಂದಿನಿಂದ ಬೆಕ್ಕಿನಷ್ಟು ದೊಡ್ಡ ಹೆಗ್ಗಣವೊಂದು ಹೊರಬಿದ್ದು ಬೇಲಿ ಸೇರಿದ್ದನ್ನು ಗವಿಸಿದ್ದೇಶ್ ಒಬ್ಬನೇ ಕಂಡ. ಬಾಯಿ ಬಿಡಲಿಲ್ಲ.

ಅಗೆದಾಗ ಅವನಿಗೆ ಎಲ್ಲ ತಿಳಿಯಿತು. ಜಾಯಿಂಟಿನ ಡಬ್ಬಿಯ ಸುತ್ತ ಗೂಡು, ಗೂಡಿನ ತುಂಬ ಸುಂಕಮ್ಮನ ಕೊಬ್ಬರಿ, ಬೆಲ್ಲ, ಮಿರ್ಚಿಯ ತೊಟ್ಟು. ಉಂಡು ಉಂಡು ಬೇಸರವಾಗಿ ಹೆಗ್ಗಣ ಕೇಬಲ್ ಕಡಿದಿತ್ತು. ಅವನು ಕೈ ಒರೆಸಿಕೊಂಡು, ಒದ್ದೆ ಪಂಚೆಯಲ್ಲೇ ಕೂತು, ಒಂದೊಂದು ಎಳೆಯನ್ನೂ ಶುಚಿ ಮಾಡಿ ಬೆಸೆಯುವ ಮಷಿನಿಗೆ ಇಟ್ಟ. ಕಣ್ಣಿಗೆ ಸರಿಯಾಗಿ ಕಾಣದ ಎರಡು ಗಾಜಿನ ತುದಿಗಳು ಒಂದು ಕಿಡಿಯಲ್ಲಿ ಕರಗಿ ಒಂದಾಗುವುದನ್ನು ಎಷ್ಟು ಸಲ ನೋಡಿದರೂ ಅವನಿಗೆ ಹೊಸದು. ದೊಡ್ಡಬೀರಪ್ಪಜ್ಜ ಬಗ್ಗಿ ನೋಡಿ, "ಇಷ್ಟು ಸಣ್ಣದರಾಗ ಇಡೀ ಊರಿನ ಮಾತು ಹೋಗತೈತೇನಲೇ" ಎಂದು ಬೆರಗಾದ.

ಡಬ್ಬಿ ಮುಚ್ಚಿ, ಮಣ್ಣೆಳೆದು, ಕಲ್ಲು ಮತ್ತೆ ನೆಟ್ಟಾಗ ಊರಿನ ಫೋನುಗಳೆಲ್ಲ ಒಟ್ಟಿಗೆ ಟಿಣ್ ಎಂದವು. ರೇಷನ್ ಅಂಗಡಿಯಲ್ಲಿ ಮೊದಲ ಹೆಬ್ಬೆಟ್ಟು ಹತ್ತಿತು. ಕೊಟ್ರಸ್ವಾಮಿ ತನ್ನ ವಿಡಿಯೋಕ್ಕೆ "ನೆಟ್ ಕಾಯುವ ಕಲ್ಲವ್ವ, ಹೂ ಕೊಟ್ಟ ಪವಾಡ" ಎಂದು ಹೆಸರಿಟ್ಟು ಬಿಟ್ಟೇಬಿಟ್ಟ. ಈಗಷ್ಟೇ ಬೆಸೆದ ಗಾಜು ತನ್ನ ಕೆಲಸ ಮಾಡಿತು. ವಿಡಿಯೋ ಕೂಡ್ಲಿಗಿ ಮುಟ್ಟಿತು, ಕೊಟ್ಟೂರು ಮುಟ್ಟಿತು, ಹಡಗಲಿ, ಹರಪನಹಳ್ಳಿ ದಾಟಿತು. ಹೊತ್ತು ಇಳಿಯುವುದರೊಳಗೆ ಅಲ್ಲಿಂದೆಲ್ಲ ಫೋಟೋಗಳು ತಿರುಗಿ ಬಂದವು. ರಸ್ತೆ ಬದಿಯ ಒಂದೊಂದು ಕೇಬಲ್ ಕಲ್ಲಿಗೂ ಅರಿಶಿನ, ಕುಂಕುಮ, ಮಲ್ಲಿಗೆ.

ಸಂಜೆ ಗವಿಸಿದ್ದೇಶ್ ಪಂಚೆ ಬಿಚ್ಚಿ ಪ್ಯಾಂಟ್ ಏರಿಸಿ ಸುಂಕಮ್ಮನ ಅಂಗಡಿಯಲ್ಲಿ ಕೂತ. ಆಕೆ ಪ್ರೀತಿಯಿಂದ ತಟ್ಟೆ ತುಂಬ ಮಂಡಕ್ಕಿ, ಮೇಲೆ ಬಿಸಿ ಬಿಸಿ ಮಿರ್ಚಿ ಇಟ್ಟಳು. ಫೋನ್ ಬಂತು.

"ಭಾಳ ಛಲೋ ಆತು ಗವಿಸಿದ್ದೇಶ್" ಎಂದ ಪ್ರವೀಣಕುಮಾರ್. "ನಿಮ್ದು ಪರ್ಮನೆಂಟ್ ಆತು. ಐದೂ ತಾಲ್ಲೂಕಿನ ಲೈನ್ ಇನ್ನ ನಿಮ್ಮದೇ."

ಗವಿಸಿದ್ದೇಶ್ ಫೋನ್ ಭುಜಕ್ಕೊತ್ತಿ ಹಿಡಿದು ಮಿರ್ಚಿ ಎತ್ತಿದ.

"ಇನ್ನೊಂದ್ ಮಾತು. ಈಗ ನಮ್ಮ ಹರಪನಹಳ್ಳಿ ಕಡೆ ತೆಲಿಗಿ ಹತ್ರ ಲೈನ್ ಕಡಿದೈತೆ. ನಮ್ ಹುಡುಗ್ರು ಹೋಗ್ಯಾರೆ, ಜನ ಅಗೆಯಾಕೆ ಬಿಡವಲ್ರು. ತಂಬ್ರಹಳ್ಳಿ ಪೂಜಾರೇರೇ ಬಂದು ಹೂ ಕೇಳ್ಬೇಕಂತೆ. ಬೆಳಗ್ಗೆ ಬಂದುಬಿಡ್ರಿ."

ಫೋನಿನ ಮಾತು ಸುಂಕಮ್ಮನಿಗೂ ಕೇಳಿಸಿತ್ತು. ಆಕೆ ಭಕ್ತಿಯಿಂದ ಅವನ ಕೈಯೊಳಗಿನ ಮಿರ್ಚಿ ಬಿಡಿಸಿ, ತಟ್ಟೆಯನ್ನೂ ತನ್ನ ಕಡೆ ಎಳೆದುಕೊಂಡಳು.

"ನಾಳಿಗೆ ಹೂ ಕೇಳಾವ ಇವತ್ತು ರಾತ್ರಿಯಿಂದಾ ಏನೂ ತಿನ್ನಂಗಿಲ್ಲಪ್ಪ" ಎಂದಳು.