ಜಪ್ತಿಗೆ ಹೋದ ಮನೆಗಳು

ಕೋರ್ಟಿನ ಅಮೀನನಾದವನಿಗೆ ನಗುವ ಸಂದರ್ಭವೇ ಬರುವುದಿಲ್ಲ ಎಂದು ಜನ ತಿಳಿದಿದ್ದಾರೆ. ಹಾಗೇನಿಲ್ಲ. ಇನ್ನೊಬ್ಬರ ಮನೆ ಹೋಗುವ ಹೊತ್ತಿನಲ್ಲೇ ನಗು ಬರುವಂಥದ್ದು ಏನಾದರೊಂದು ನಡೆಯುತ್ತಿತ್ತು. ಅಲ್ಲಿ ನಿಂತು ನಗುವಂತಿರಲಿಲ್ಲ, ಅಷ್ಟೆ. ಈಗ ಪೆನ್ಷನ್ ಬಂದಿದೆ, ಹಲ್ಲು ಹೋಗಿದೆ. ನಕ್ಕರೆ ಯಾರೂ ಕೇಳುವುದಿಲ್ಲ.

ಮಹಾರಾಜರ ಕಾಲದ ಮಾತು. ಈಗಿನ ರಾಮನಗರವನ್ನು ಆಗ ಕ್ಲೋಸ್‌ಪೇಟೆ ಎನ್ನುತ್ತಿದ್ದರು. ನಾನು ಚನ್ನಪಟ್ಟಣದಲ್ಲಿ ಮನೆ ಮಾಡಿಕೊಂಡು ಕ್ಲೋಸ್‌ಪೇಟೆ, ಕನಕಪುರ, ಮಾಗಡಿ ಕಡೆಯ ಹಳ್ಳಿಗಳಿಗೆಲ್ಲ ಜಪ್ತಿ ವಾರಂಟು ಹಿಡಿದು ಅಲೆದವನು. ಜೊತೆಗೆ ಒಬ್ಬ ತಮಟೆಯವನು ಇರುತ್ತಿದ್ದ. ಮನೆ ಜಪ್ತಿಯಾದರೆ ಅದರ ಮುಂದೆ ತಮಟೆ ಬಾರಿಸಿ ಊರಿಗೆ ಸಾರಬೇಕೆಂಬುದು ಕಾನೂನು. ಒಂದು ಸಲಕ್ಕೆ ಅವನಿಗೆ ಎರಡಾಣೆ ಕೂಲಿ. ನನಗಿಂತ ಹತ್ತು ವರ್ಷ ದೊಡ್ಡವನು, ಮಾತು ಕಡಿಮೆ. ಹದಿನಾರು ವರ್ಷ ನಾವಿಬ್ಬರೂ ಜೊತೆಯಾಗಿ ಜನರ ಮನೆ ಬಾಗಿಲಿಗೆ ಹೋದೆವು. ಬನ್ನಿ ಎಂದು ಕರೆದವರು ಒಬ್ಬರೂ ಇಲ್ಲ.

ಸಲಕರಣೆ

ಚನ್ನಪಟ್ಟಣದಲ್ಲಿ ಮರದ ಬೊಂಬೆ ಮಾಡಿ ಅರಗಿನ ಬಣ್ಣ ಹಾಕುವ ಒಬ್ಬ ಕಸುಬುದಾರ ಇದ್ದ. ಅವನ ಮನೆಯ ಸಾಮಾನು ಜಪ್ತಿ ಮಾಡಲು ಹೋದೆವು. ಕಸುಬಿನ ಸಲಕರಣೆಯನ್ನು ಮಾತ್ರ ಮುಟ್ಟುವಂತಿಲ್ಲ ಎಂದು ಕಾನೂನಿತ್ತು. ಅದನ್ನು ಅವನಿಗೆ ಯಾರೋ ಮೊದಲೇ ಹೇಳಿಕೊಟ್ಟಿದ್ದರು. ಯಾರೋ ಏನು, ಹಿಂದಿನ ದಿನ ಸಂತೆಯಲ್ಲಿ ಸಿಕ್ಕಾಗ ನಾನೇ ಹೇಳಿದ್ದೆ.

ಮಂಚವನ್ನು ಬರೆದುಕೊಳ್ಳಲು ಹೋದರೆ, ಅದು ಬೊಂಬೆ ಒಣಗಿಸುವ ಹಲಗೆ ಎಂದ. ಹಿತ್ತಾಳೆ ಕೊಳಗ ಬಣ್ಣ ಅಳೆಯುವುದಕ್ಕಂತೆ. ಗೋಡೆಯ ಕನ್ನಡಿ ಬೊಂಬೆಯ ಬೆನ್ನು ನೋಡುವುದಕ್ಕಂತೆ. ನಾನು ಒಂದೊಂದರ ಮುಂದೆಯೂ ಸಲಕರಣೆ, ಸಲಕರಣೆ ಎಂದು ಬರೆಯುತ್ತಾ ಹೋದೆ. ಮೂಲೆಯಲ್ಲಿ ಅವನ ತಾಯಿ ಎಲ್ಲರನ್ನೂ ಸೇರಿಸಿ ಬಯ್ಯುತ್ತಾ ಕೂತಿದ್ದಳು. ಭಯಕ್ಕೆ ಬಾಯಿ ತಪ್ಪಿತೋ ಏನೋ, ಅವ್ವ ಬಯ್ಯದೆ ಇದ್ದರೆ ತನಗೆ ಕೆಲಸಕ್ಕೆ ಕೈಯೇ ಏಳುವುದಿಲ್ಲ, ಆಕೆಯನ್ನೂ ಸಲಕರಣೆಗೆ ಸೇರಿಸಿಕೊಳ್ಳಿ ಎಂದ.

ಅಷ್ಟು ಹೊತ್ತೂ ಸೆರಗಿನಲ್ಲಿ ಕಣ್ಣೊರೆಸುತ್ತಾ ನಿಂತಿದ್ದ ಹೆಂಡತಿ ಆಗ ಬಾಯಿ ಬಿಟ್ಟಳು. "ಅದೊಂದು ಸುಳ್ಳು ಸ್ವಾಮಿ. ನಮ್ಮತ್ತೇನ ಜಪ್ತಿಗೆ ಬರ್ಕಳಿ."

ಹೊತ್ತು ಮುಳುಗಿದ್ದು

ಮಾಗಡಿ ಕಡೆಯ ಹಳ್ಳಿಯಲ್ಲಿ ಗಂಡ ಸತ್ತ ಒಬ್ಬ ಹೆಂಗಸಿದ್ದಳು. ಅವನು ಬಿಟ್ಟುಹೋದ ಸಾಲಕ್ಕೆ ಅವಳ ಪಾತ್ರೆ ಪಡಗ, ಎರಡು ಮೂಟೆ ರಾಗಿ ಜಪ್ತಿಯಾಗಬೇಕಿತ್ತು. ಹೊತ್ತು ಮುಳುಗಿದ ಮೇಲೆ ಅಮೀನ ಯಾರ ಮನೆಯೊಳಗೂ ಕಾಲಿಡುವಂತಿಲ್ಲ. ಅದು ಅವಳಿಗೆ ಗೊತ್ತಿತ್ತು. ಬೆಳಿಗ್ಗೆಯೇ ಅಗಳಿ ಹಾಕಿಕೊಂಡು ಒಳಗೆ ಕೂತುಬಿಟ್ಟಿದ್ದಳು. ಬಾಗಿಲು ಒಡೆಸುವ ಅಧಿಕಾರ ನನಗಿತ್ತು. ಒಡೆಸುವ ಮನಸ್ಸಿರಲಿಲ್ಲ.

ಜಗುಲಿಯ ಮೇಲೆ ಕೂತೆವು. ತಮಟೆಯವನು ಬಾಗಿಲಿಗೆ ಬೆನ್ನು ಕೊಟ್ಟು, ಒಳಗಿದ್ದ ಅವಳ ಜೊತೆ ಮೆಲ್ಲಗೆ ಮಾತಾಡತೊಡಗಿದ. ಗಂಡನಿಗೆ ಏನಾಗಿತ್ತು, ಎಷ್ಟು ದಿನ ಮಲಗಿದ್ದ ಎಂದೆಲ್ಲ ಕೇಳಿದ. ಅವಳು ಹೇಳಿದಳು. ಮಧ್ಯಾಹ್ನ ಗೋಡೆಯ ಸಣ್ಣ ಕಿಂಡಿಯಿಂದ ನಮಗೆ ಒಂದು ಚೊಂಬು ಮಜ್ಜಿಗೆಯೂ ಬಂತು. ಜಪ್ತಿಯ ಪಟ್ಟಿಯಲ್ಲಿ ಆ ಚೊಂಬೂ ಇತ್ತು. ಕುಡಿದು, ತೊಳೆದು, ಕಿಂಡಿಯಲ್ಲೇ ವಾಪಸು ಕೊಟ್ಟೆವು.

ಮನೆಯೊಳಗೆ ಕತ್ತಲೆಯಾದ್ದರಿಂದ ಅವಳಿಗೆ ಹೊತ್ತು ತಿಳಿಯುತ್ತಿರಲಿಲ್ಲ. ಸುಮಾರು ನಾಲ್ಕು ಗಂಟೆಯಿರಬಹುದು, ಒಳಗಿನಿಂದ ಕೇಳಿದಳು. "ಹೊತ್ತು ಮುಳುಗ್ತಾ ಸ್ವಾಮಿ?"

ಕೇಳಬಾರದವನನ್ನೇ ಕೇಳಿದ್ದಳು. ನಾನು ಮುಳುಗಿತು ತಾಯಿ ಎಂದೆ.

ಅಗಳಿ ತೆಗೆದಳು. ಬಿಸಿಲು ನೆಟ್ಟಗೆ ಮುಖಕ್ಕೆ ಹೊಡೆಯಿತು. ಅವಳು ಸೂರ್ಯನನ್ನು ನೋಡಿದಳು, ನನ್ನನ್ನು ನೋಡಿದಳು, ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಆ ಹೊತ್ತಿಗೆ ವಾರಂಟಿನ ಹಿಂದೆ, ಸೂರ್ಯ ಮುಳುಗಿದ್ದರಿಂದ ಜಪ್ತಿ ನಡೆಯಲಿಲ್ಲ ಎಂದು ಷರಾ ಬರೆಯುತ್ತಿದ್ದೆ. ಬಿಸಿಲಿಗೆ ಕಾಗದ ಹೊಳೆಯುತ್ತಿದ್ದರಿಂದ ಅದಕ್ಕೆ ಕೈ ಅಡ್ಡ ಹಿಡಿದುಕೊಂಡಿದ್ದೆ.

ತಮಟೆಯವನು ಅವಳಿಗೆ ಸಮಾಧಾನ ಹೇಳಿದ. "ಎದ್ರುಕೋಬ್ಯಾಡ ಕಣವ್ವ. ನಮ್ ಅಮೀನ್ರಿಗೆ ಕಣ್ಣು ಒಸಿ ಮಂದ."

ಮೇಷ್ಟ್ರ ಸಂಘ

ಆ ಕಾಲದಲ್ಲಿ ಚನ್ನಪಟ್ಟಣದಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಸಣ್ಣದೊಂದು ಸಹಕಾರ ಸಂಘ ನಡೆಸುತ್ತಿದ್ದರು. ಚಿಕ್ಕವರಿದ್ದಾಗ ಅವರ ತಂದೆಯ ಮನೆ ಹರಾಜಾಗಿತ್ತಂತೆ. ಅದನ್ನು ಅವರು ಒಂದೇ ಸಲ ಹೇಳಿದ್ದು, ಅದೂ ಬೇರೆಲ್ಲೋ ನೋಡುತ್ತಾ. ಸಂಘದ ಲೆಕ್ಕ ಸರಳ. ಸದಸ್ಯನಾದವನು ವಾರಕ್ಕೊಂದಾಣೆ ಕಟ್ಟಬೇಕು. ಸಾಹುಕಾರನ ಕೈಗೆ ಮನೆ ಹೋಗುವ ಹಾಗಾದರೆ ಸಂಘ ಕಡಿಮೆ ಬಡ್ಡಿಗೆ ಸಾಲ ಕೊಟ್ಟು ಬಿಡಿಸುತ್ತದೆ.

ಕೇಳುವುದಕ್ಕೆ ಚೆನ್ನಾಗಿತ್ತು, ಆದರೆ ಮೇಷ್ಟ್ರು ಬಿಡುವ ಅಸಾಮಿಯಲ್ಲ. ಮುಂದಿನ ವಾರ ಕೊಡುತ್ತೇನೆ ಎಂದರೆ ಒಪ್ಪುತ್ತಿರಲಿಲ್ಲ. ಛತ್ರಿ ಊರಿಕೊಂಡು ಅಂಗಳದಲ್ಲೇ ನಿಂತುಬಿಡುತ್ತಿದ್ದರು. ಜಪ್ತಿಗೆ ಬಂದ ನನ್ನನ್ನು ಜನ ಜಗುಲಿಯ ಮೇಲೆ ಕೂರಿಸುತ್ತಿದ್ದರು. ಉಳಿಸಲು ಬಂದ ಮೇಷ್ಟ್ರನ್ನು ಕಂಡರೆ ಹಿತ್ತಲ ಬಾಗಿಲಿನಿಂದ ಓಡುತ್ತಿದ್ದರು.

ತಮಟೆಯವನನ್ನು ಸಂಘಕ್ಕೆ ಸೇರಿಸಲು ಅವರಿಗೆ ಒಂದು ವರ್ಷ ಹಿಡಿಯಿತು. ಕೊನೆಗೆ ಒಂದು ಒಪ್ಪಂದವಾಯಿತು. ಒಂದು ಜಪ್ತಿಗೆ ಸಿಗುವ ಎರಡಾಣೆಯಲ್ಲಿ ಒಂದಾಣೆ ಸಂಘಕ್ಕೆ. ಮೇಷ್ಟ್ರು ಖುಷಿಯಾಗಿ, ಸಂಘ ಹೀಗೇ ಬೆಳೆದರೆ ಇನ್ನು ಹತ್ತು ವರ್ಷಕ್ಕೆ ಈ ಸೀಮೆಯಲ್ಲಿ ಒಂದು ಮನೆಯೂ ಜಪ್ತಿಯಾಗುವುದಿಲ್ಲ ಎಂದರು.

ತಮಟೆಯವನು ಬೆರಳು ಮಡಿಸಿ ಲೆಕ್ಕ ಹಾಕಿದ. "ಅಂಗಾದ್ರೆ ಆಮೇಲೆ ನಾನು ಕಟ್ಟೋದು ಎಂಗೆ ಮೇಷ್ಟ್ರೆ?"

ನಾವೇ ಹೋದ ಮನೆ

ಅವನು ಸಂಘಕ್ಕೆ ಸೇರಿದ ಎರಡನೆಯ ವರ್ಷ ನನ್ನ ಕೈಗೆ ಬಂದ ವಾರಂಟುಗಳಲ್ಲಿ ಒಂದರ ಮೇಲೆ ಅವನ ಹೆಸರೇ ಇತ್ತು.

ಅವನ ಹೆಂಡತಿ ಕಾಲು ಬಿದ್ದುಹೋಗಿ ಹಾಸಿಗೆ ಹಿಡಿದಿದ್ದಳು. ಬೆಂಗಳೂರಿಗೆ ಗಾಡಿಯಲ್ಲಿ ಕರೆದುಕೊಂಡು ಹೋಗಿ ತೋರಿಸಿದ್ದ, ಊರ ಪಂಡಿತರ ಔಷಧಿ ಮಾಡಿಸಿದ್ದ. ಅದಕ್ಕೆಲ್ಲ ಮನೆ ಅಡವಿಟ್ಟು ಸಾಲ ತಂದಿದ್ದ. ಹೆಂಡತಿಗೆ ಮಾತ್ರ, ಸರ್ಕಾರದ ಔಷಧಿ, ಎಲ್ಲ ಪುಕ್ಕಟೆ ಎಂದು ಹೇಳಿದ್ದ. ನಾಚಿಕೆಯಿಂದ ಮೇಷ್ಟ್ರಿಗೂ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ. ಸಾಲ ಕೊಟ್ಟ ಸಾಹುಕಾರ ಕೋರ್ಟಿನಲ್ಲಿ ಡಿಕ್ರಿ ಮಾಡಿಸಿದ್ದ.

ನಾನು ವಾರಂಟು ತೋರಿಸಿದಾಗ ಅವನಿಗೆ ಓದಲು ಬರದಿದ್ದರೂ ಕಾಗದವನ್ನು ಕೈಗೆ ತೆಗೆದುಕೊಂಡು ನೋಡಿದ. ಬೇರೆ ಊರಿನಿಂದ ಇನ್ನೊಬ್ಬ ತಮಟೆಯವನನ್ನು ಕರೆಸುತ್ತೇನೆ ಎಂದೆ. ಅವನು ಬೇಡವೆಂದ. ಬೇರೆಯವನಾದರೆ ಹೆಸರು ಕೂಗಿಬಿಡುತ್ತಾನೆ, ಒಳಗೆ ಮಲಗಿದವಳಿಗೆ ಕೇಳಿಸುತ್ತದೆ. ಆಮೇಲೆ ತಲೆ ತಗ್ಗಿಸಿ ಹೇಳಿದ.

"ನೀವು ಹೆಸ್ರು ಓದೋ ಹೊತ್ತಿಗೆ ನಾನು ಜೋರಾಗಿ ಹೊಡೀತೀನಿ ಅಮೀನ್ರೆ. ಓದ್ದಂಗೂ ಆಯ್ತದೆ."

ಹಾಗೇ ಮಾಡಿದೆವು. ಅವನ ಮನೆಯ ಮುಂದೆ ನಿಂತು ನಾನು ಡಿಕ್ರಿ ಓದಿದೆ. ಹೆಸರು ಬರುವ ಹೊತ್ತಿಗೆ ಅವನು ತಮಟೆಯನ್ನು ಹೇಗೆ ಹೊಡೆದನೆಂದರೆ, ಪಕ್ಕದ ಮನೆಯವನು ಗಾಡಿಗೆ ಹೂಡುತ್ತಿದ್ದ ಎತ್ತುಗಳು ಬೆದರಿ ನೊಗ ಕಿತ್ತುಕೊಂಡು ಓಡಿದವು. ಹದಿನಾರು ವರ್ಷದಲ್ಲಿ ಅವನು ಅಷ್ಟು ಚೆನ್ನಾಗಿ ಬಾರಿಸಿದ್ದನ್ನು ನಾನು ಕೇಳಿರಲಿಲ್ಲ. ಬಾಗಿಲಿಗೆ ಕಾಗದ ಅಂಟಿಸಿದೆವು.

ಸದ್ದು ನಿಂತ ಮೇಲೆ ಒಳಗಿನಿಂದ ಅವಳ ದನಿ ಬಂತು. ಯಾರ ಮನೆ ಎಂದು ಕೇಳುತ್ತಿದ್ದಳು. ಅವನು ನನ್ನ ಮುಖ ನೋಡಿದ, ಬೀದಿ ನೋಡಿದ, ಪಕ್ಕದವರದು ಎಂದುಬಿಟ್ಟ.

"ಅಯ್ಯೋ ಪಾಪ" ಎಂದಳು ಒಳಗಿನಿಂದ. "ಎರಡು ಮಕ್ಳವೆ ಕಣೋ ಅವ್ರಿಗೆ. ನಿಂಗೆ ಒಸಿ ಮೆಲ್ಲುಕೆ ಬಾರ್ಸೋಕೆ ಆಗ್ನಿಲ್ವಾ?"

ಪಕ್ಕದ ಮನೆ

ಪಕ್ಕದ ಗಾಡಿಯವನು ಎತ್ತುಗಳನ್ನು ಹಿಡಿದುಕೊಂಡು ವಾಪಸು ಬಂದಾಗ ಅವನ ಮನೆ ಜಪ್ತಿಯಾಗಿತ್ತು. ಜೀವಮಾನದಲ್ಲಿ ಒಂದು ಕಾಸು ಸಾಲ ಮಾಡದವನು. ಬಹಳ ಸಿಟ್ಟಾದ. ಅವನ ಹೆಂಡತಿ ಒಳ್ಳೆಯವಳು. ದಿನಾ ಬಂದು ಹಾಸಿಗೆ ಹಿಡಿದವಳಿಗೆ ತಲೆ ಬಾಚಿ ಗಂಜಿ ಕುಡಿಸುತ್ತಿದ್ದಳು. ಅವಳಿಗೆ ತಮಟೆಯವನು ವಿಷಯ ಹೇಳಿ ಕೈ ಮುಗಿದ. ಅವಳು ಗಂಡನ ಬಾಯಿ ಮುಚ್ಚಿಸಿ, ಹೌದು ಕಣಕ್ಕ, ನಮ್ಮದೇ ಮನೆ ಎಂದು ಒಪ್ಪಿಕೊಂಡಳು.

ಮನೆ ಹರಾಜಾಯಿತು. ಸಾಹುಕಾರನೇ ಕೂಗಿಕೊಂಡ. ಆದರೆ ಹರಾಜಾದ ಮೂವತ್ತು ದಿನದೊಳಗೆ ಬಾಕಿ ಪೂರ್ತಿ ಕಟ್ಟಿದರೆ ಮನೆ ಉಳಿಯುತ್ತದೆ ಎಂಬ ಒಂದು ಕಾನೂನಿತ್ತು. ಅದನ್ನು ಮೇಷ್ಟ್ರಿಗೆ ಹೇಳಿದೆ. ಅವರು ತಮಟೆಯವನನ್ನು ಕರೆಸಿ, ಮೊದಲೇ ಯಾಕೆ ಹೇಳಲಿಲ್ಲ ಎಂದು ಕಣ್ಣಲ್ಲಿ ನೀರು ಬರುವ ಹಾಗೆ ಬಯ್ದರು. ನೀರು ಬಂದದ್ದು ಮೇಷ್ಟ್ರ ಕಣ್ಣಲ್ಲಿ. ಸಂಘದಿಂದ ಕೊಡಬಹುದಾದಷ್ಟನ್ನೂ ಕೊಟ್ಟರು. ಸಾಲಕ್ಕೆ ಜಾಮೀನು ಬೇಕಿತ್ತು. ಗಾಡಿಯವನು ಗೊಣಗುತ್ತಲೇ ಬಂದು ಹೆಬ್ಬೆಟ್ಟು ಒತ್ತಿದ. ಜಪ್ತಿ ಅಂತೂ ಆಗಿ ಹೋಗಿದೆಯಲ್ಲ, ಇನ್ನು ಜಾಮೀನಿಗೇನು ಎಂದ.

ಆದರೂ ಹದಿನೈದು ರೂಪಾಯಿ ಕಡಿಮೆ ಬಿತ್ತು. ನಾನು ಮೂರು ಹಾಕಿದೆ, ಮೇಷ್ಟ್ರು ಎರಡು ಹಾಕಿದರು. ಇಪ್ಪತ್ತಾರು ದಿನ ಕಳೆದುಹೋದವು.

ಇಪ್ಪತ್ತೇಳನೆಯ ದಿನ ಗಾಡಿಯವನ ಹೆಂಡತಿ ಸೆರಗಿನಲ್ಲಿ ಏನೋ ಕಟ್ಟಿಕೊಂಡು ಮೇಷ್ಟ್ರ ಮನೆಗೆ ಬಂದಳು. ನಾನು ಅಲ್ಲೇ ಇದ್ದೆ. ಬಿಚ್ಚಿದರೆ ಕಾಲಾಣೆ, ಅರ್ಧಾಣೆ, ಒಂದಾಣೆ, ಹಳೆಯ ರೂಪಾಯಿ. ಒಟ್ಟು ಹನ್ನೊಂದು ರೂಪಾಯಿ ಚಿಲ್ಲರೆ. ಹಾಸಿಗೆ ಹಿಡಿದ ಹೆಂಗಸು ಅದನ್ನು ದಿಂಬಿನೊಳಗೆ ಹೊಲಿದಿಟ್ಟಿದ್ದಳಂತೆ. ಕಾಲು ಬೀಳುವ ಮುಂಚೆ ಮೊಟ್ಟೆ ಮಾರಿ, ಪೊರಕೆ ಕಟ್ಟಿ ಮಾರಿ ಕೂಡಿಸಿದ್ದು. ತಾನು ಸತ್ತರೆ ಮಣ್ಣು ಮಾಡುವ ಖರ್ಚಿಗೆ ಗಂಡ ಯಾರ ಹತ್ತಿರವೂ ಕೈ ಚಾಚಬಾರದು ಎಂದು ಇಟ್ಟುಕೊಂಡಿದ್ದಳು. ಪಕ್ಕದವಳನ್ನು ಹತ್ತಿರ ಕರೆದು, ಗಂಡನಿಗೆ ತಿಳಿಯದ ಹಾಗೆ ಕೊಟ್ಟಿದ್ದಳು. ನಿನ್ನ ಮಕ್ಕಳು ಬೀದಿಗೆ ಬೀಳಬಾರದು, ಮನೆ ಬಿಡಿಸಿಕೋ ಎಂದಿದ್ದಳು.

ಮೇಷ್ಟ್ರು ಆ ಕಾಸುಗಳನ್ನು ಮೂರು ಸಲ ಎಣಿಸಿದರು. ಲೆಕ್ಕ ಸರಿಯಾಗಿಯೇ ಇತ್ತು, ಅವರಿಗೆ ತಲೆ ಎತ್ತುವುದಕ್ಕೆ ಆಗಲಿಲ್ಲ, ಅಷ್ಟೆ. ಇಪ್ಪತ್ತೆಂಟನೆಯ ದಿನ ಕೋರ್ಟಿಗೆ ಹಣ ಕಟ್ಟಿದೆವು. ಬಾಗಿಲ ಮೇಲಿನ ಕಾಗದವನ್ನು ನಾನೇ ಹೋಗಿ ಕೆರೆದು ತೆಗೆದೆ.

ಹಾಸಿಗೆ ಹಿಡಿದಾಕೆ ಆಮೇಲೆ ಮೂರು ತಿಂಗಳು ಬದುಕಿದಳು. ಸತ್ತದ್ದು ಅದೇ ಮನೆಯಲ್ಲಿ, ಅದೇ ಕೋಣೆಯಲ್ಲಿ. ಹೋಗುವ ಎರಡು ದಿನ ಮೊದಲು ನೋಡಲು ಹೋಗಿದ್ದೆ. ಮಾತು ಬಹಳ ಸಣ್ಣದಾಗಿತ್ತು. ಆದರೂ ಪಕ್ಕದ ಗಾಡಿಯವನನ್ನು ಕರೆಸಿಕೊಂಡು ಹಾಸಿಗೆಯ ಪಕ್ಕ ಕೂರಿಸಿಕೊಂಡಿದ್ದಳು. ತಮಟೆಯವನು ಕಾಲ ಹತ್ತಿರ ಕೂತು ಅವಳ ಪಾದ ಒತ್ತುತ್ತಿದ್ದ.

ಅವಳು ಗಾಡಿಯವನಿಗೆ ಬುದ್ಧಿ ಹೇಳುತ್ತಿದ್ದಳು. ಗಂಡನಿಂದ ಇನ್ನು ಮುಚ್ಚುಮರೆಯೇಕೆ ಎಂದುಕೊಂಡಳೋ ಏನೋ, ಕೊಟ್ಟ ದುಡ್ಡನ್ನು ತಿರುಗಿಸುವುದು ಬೇಡ, ಇನ್ನು ಮುಂದಾದರೂ ಹೆಂಡತಿ ಮಕ್ಕಳ ಮುಖ ನೋಡಿ ನಡೆದುಕೋ ಎಂದಳು. ಆಮೇಲೆ ಸ್ವಲ್ಪ ಉಸಿರು ತೆಗೆದುಕೊಂಡು ಗಂಡನ ಕಡೆಗೆ ಬೆರಳು ತೋರಿಸಿದಳು.

"ಇವ್ನ ನೋಡಿ ಕಲ್ತ್ಕೋ ಕಣ್ಲಾ. ನಂಗೆ ಇಷ್ಟೆಲ್ಲ ಔಸ್ತಿ ಮಾಡ್ಸವ್ನೆ, ಒಂದು ಕಾಸು ಸಾಲ ಮಾಡ್ನಿಲ್ಲ."

ತಮಟೆಯವನ ಕೈ ಪಾದದ ಮೇಲೆ ನಿಂತುಹೋಯಿತು. ಗಾಡಿಯವನು ಅವನನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. ಆಮೇಲೆ ಟವಲಿನಿಂದ ಮುಖ ಒರೆಸಿಕೊಂಡು ಹೇಳಿದ.

"ತೆಪ್ಪಾಯ್ತು ಕಣಕ್ಕ. ಇನ್ಮ್ಯಾಕೆ ಮಾಡಾಕಿಲ್ಲ."