ಫ್ರಿಜ್ ಮೇಲಿನ ಬಾಗಿನ

ದೇವರ ಹತ್ತಿರ ಸಗಟು ವ್ಯಾಪಾರ ಮಾಡುವವರು ಇರುತ್ತಾರೆ. ಬಡ್ತಿ, ಬಂಗಲೆ, ಮಗನಿಗೆ ಮೆಡಿಕಲ್ ಸೀಟು, ಎಲ್ಲವನ್ನೂ ಒಂದೇ ಹರಕೆಯಲ್ಲಿ ಮೂಟೆ ಕಟ್ಟಿಸಿಕೊಂಡು ಬರುತ್ತಾರೆ. ನನ್ನದು ಮೊದಲಿನಿಂದಲೂ ಚಿಲ್ಲರೆ ವ್ಯಾಪಾರ. ಬಂದ ನೆಂಟರು ಉಂಡೆದ್ದ ಮೇಲೆ ಗ್ಯಾಸ್ ಮುಗಿದರೆ ಒಂದು ನಮಸ್ಕಾರ, ತಿರುವನಂತಪುರದ ಮಳೆಗಾಲದಲ್ಲಿ ಹಪ್ಪಳಕ್ಕೆ ಬೂಸಲು ಹಿಡಿಯದಿದ್ದರೆ ಇನ್ನೊಂದು. ಹೀಗೆ ಅಂದಂದಿನ ಸಾಮಾನು ಅಂದಂದೇ ತಂದುಕೊಂಡು ಸಂಸಾರ ನಡೆಸಿದವಳು ನಾನು. ಕೊಡುವವನ ಮುಖ ನೋಡದೆ ಯಾವುದನ್ನೂ ಕೊಂಡವಳಲ್ಲ. ದೇವರ ಪಟವನ್ನು ಕೂಡ ಅಂಗಡಿಯಲ್ಲಿ ತಿರುಗಿಸಿ ನೋಡಿ, ಲಕ್ಷ್ಮಿಯ ಮುಖದಲ್ಲಿ ನಗು ಇದೆಯೆಂದು ಖಾತ್ರಿಯಾದ ಮೇಲೆಯೇ ಸುತ್ತಿಸಿಕೊಂಡವಳು. ಅಂಥ ನನ್ನ ಮನೆಯಲ್ಲಿ ಒಂದು ಸೀರೆ, ಅಂಗಡಿಯೇ ಇಲ್ಲದ ಅಂಗಡಿಯಿಂದ ಕೊಂಡದ್ದಾಯಿತು ಎಂದರೆ ನನಗೇ ಈಗ ನಂಬಿಕೆ ಬರುವುದಿಲ್ಲ.

ನಾವು ತುಮಕೂರಿನ ಕಡೆಯವರು. ನಮ್ಮವರಿಗೆ ಬಾಹ್ಯಾಕಾಶ ಕೇಂದ್ರದಲ್ಲಿ ಕೆಲಸ ಸಿಕ್ಕಿದ್ದರಿಂದ ತಿರುವನಂತಪುರಕ್ಕೆ ಬಂದು ಬೇರು ಬಿಟ್ಟವರು. ಅವರಿಗೆ ಒಬ್ಬಳೇ ತಂಗಿ, ವತ್ಸಲಾ. ಆಕೆಯ ಗಂಡನಿಗೆ ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಬಂದರಿನ ಕೆಲಸ, ಮನೆ ಕಲೂರಿನಲ್ಲಿ. ನಮ್ಮ ಅತ್ತೆಯವರು ನಮ್ಮ ಜೊತೆಗೇ ಇದ್ದರು. ಪ್ರತಿ ವರ್ಷ ಗೌರಿ ಹಬ್ಬಕ್ಕೆ ಮೊದಲು ಅವರು ಮೊರದ ಬಾಗಿನ ಕಟ್ಟಿಕೊಂಡು, ರೈಲು ಹತ್ತಿ, ಮಗಳಿಗೆ ಕೈಯಾರೆ ಕೊಟ್ಟು ಬರುತ್ತಿದ್ದರು. ಕಂಕುಳಲ್ಲಿ ಎರಡು ಹೊಸ ಮೊರ ಇಟ್ಟುಕೊಂಡು ಕೂತ ಮುದುಕಿಯನ್ನು ಕಂಡು ಒಮ್ಮೆ ಯಾರೋ ಮಲಯಾಳಿ ಹೆಂಗಸು ವ್ಯಾಪಾರಕ್ಕೆ ಹೊರಟಿದ್ದಾರೆಂದುಕೊಂಡು ಬೆಲೆ ಕೇಳಿದ್ದಳಂತೆ. ಅತ್ತೆ ಮೊರವನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡು, ಇದು ಮಾರುವುದಲ್ಲ, ಮಗಳದು ಎಂದು ಕನ್ನಡದಲ್ಲೇ ಹೇಳಿದರಂತೆ. ಆಕೆಗೆ ಅರ್ಥವೂ ಆಯಿತಂತೆ.

ಅತ್ತೆ ತೀರಿಕೊಂಡ ವರ್ಷ ಹಬ್ಬ ಮಾಡುವ ಹಾಗಿರಲಿಲ್ಲ. ವರ್ಷಾಂತಿಕ ಮುಗಿದ ಮೇಲೆ ಬಂದ ಮೊದಲ ಗೌರಿ ಇದು. ಶತಮಾನ ಮುಗಿಯಲು ಆಗ ಒಂದೋ ಎರಡೋ ವರ್ಷ ಬಾಕಿ ಇತ್ತು. ಆಷಾಢದಲ್ಲೇ ವತ್ಸಲಾ ಫೋನ್ ಮಾಡಿ ಊರಿನ ಮಾತೆಲ್ಲ ಆಡಿ, ಇಡುವ ಮೊದಲು, "ಈ ವರ್ಷ ಹಬ್ಬ ಇದೆ ಅಲ್ವಾ ಅತ್ತಿಗೆ?" ಎಂದು ಕೇಳಿದಳು. ಪಂಚಾಂಗ ಅವಳ ಮನೆಯಲ್ಲೂ ಇತ್ತು. ಹಾಗಾಗಿ ಅವಳು ಕೇಳಿದ್ದು ತಿಥಿಯನ್ನಲ್ಲ ಎಂದು ನನಗೆ ಗೊತ್ತಾಯಿತು. ತಾಯಿ ಹೋದ ಮೇಲಿನ ಮೊದಲ ಬಾಗಿನ ಎಂದರೆ ಸೀರೆಯ ಮಾತಲ್ಲ. ತನಗೆ ಇನ್ನು ತವರು ಅಂತ ಒಂದು ಉಂಟೋ ಇಲ್ಲವೋ ಎಂಬ ಮಾತು. ಇದೆ ಕಣೇ, ಯಾಕಿಲ್ಲ, ಎಂದು ನಾನು ಜೋರಾಗಿಯೇ ಹೇಳಿದೆ. ಜೋರಾಗಿ ಹೇಳುವುದು ಸುಲಭ. ಮಳೆ, ನನ್ನ ಮಂಡಿ ನೋವು, ರೈಲಿನ ನೂಕುನುಗ್ಗಲು, ಇವೆಲ್ಲ ನೆನಪಾದದ್ದು ಫೋನ್ ಇಟ್ಟ ಮೇಲೆ.

ನೀವು ಹೋಗಿ ಕೊಟ್ಟು ಬನ್ನಿ ಎಂದರೆ ನಮ್ಮವರಿಗೆ ಆಫೀಸಿನಲ್ಲಿ ರಾಕೆಟ್ಟಿನ ಕೆಲಸ. ಇವರ ಸರ್ವೀಸಿನಲ್ಲಿ ರಾಕೆಟ್ ಹಾರಿದ್ದು ಯಾವಾಗಲಾದರೊಮ್ಮೆ, ರಾಕೆಟ್ಟಿನ ಕೆಲಸ ಮಾತ್ರ ಪ್ರತಿ ಹಬ್ಬಕ್ಕೂ ಇರುತ್ತದೆ. ಆದರೆ ಅವರು ಆ ಸಲ ತಲೆ ಕೆರೆದುಕೊಳ್ಳಲಿಲ್ಲ. ಗಂಭೀರವಾಗಿ, "ನೀನೂ ಹೋಗೋದು ಬೇಡ, ನಾನೂ ಹೋಗೋದು ಬೇಡ. ಕೂತ ಕಡೆಯಿಂದಲೇ ಕಳಿಸೋಣ" ಎಂದರು. ಸಹೋದ್ಯೋಗಿಯೊಬ್ಬರು ಹೊಸದು ಕೊಂಡಾಗ ಬಿಟ್ಟುಕೊಟ್ಟ ಹಳೆಯ ಕಂಪ್ಯೂಟರ್ ನಮ್ಮ ಊಟದ ಮೇಜಿನ ಅರ್ಧ ಭಾಗವನ್ನು ಆಗಷ್ಟೇ ಆಕ್ರಮಿಸಿತ್ತು. ಅದಕ್ಕೆ ಫೋನಿನ ತಂತಿ ಸಿಕ್ಕಿಸಿದರೆ ಪ್ರಪಂಚವೇ ಒಳಗೆ ಬರುತ್ತದೆ ಎಂದು ಇವರ ವಾದ. ಪ್ರಪಂಚ ಬರುವ ಮೊದಲು ಆ ಪೆಟ್ಟಿಗೆ ಬಾಣಲೆಯೊಳಗೆ ಸಿಕ್ಕಿಕೊಂಡ ಬೆಕ್ಕಿನ ಹಾಗೆ ಕಿರುಚುತ್ತಿತ್ತು. ಅದು ಕಿರುಚುವಾಗೆಲ್ಲ ನಾನು ದೇವರ ಮನೆಯ ಬಾಗಿಲು ಮುಂದಕ್ಕೆಳೆಯುತ್ತಿದ್ದೆ.

ಮುಂಬೈಯಲ್ಲೆಲ್ಲೋ ಒಂದು ಅಂಗಡಿ. ಅಂಗಡಿ ಎಂದರೆ ಗೋಡೆ, ಗಲ್ಲಾಪೆಟ್ಟಿಗೆ, ಊದುಬತ್ತಿ ಏನೂ ಇಲ್ಲ. ಪರದೆಯ ಮೇಲೆ ಮಾತ್ರ ಇದೆ. ಇಡೀ ದೇಶಕ್ಕೆ ಅಲ್ಲಿಂದಲೇ ಮಾರುತ್ತಾರಂತೆ. ಇಡೀ ದೇಶ ಎಂದರೆ ಅವರು ಕೊಟ್ಟ ಪಟ್ಟಿಯಲ್ಲಿರುವ ಊರುಗಳು. ಅದರಲ್ಲಿ ಕೊಚ್ಚಿ ಇತ್ತು, ತಿರುವನಂತಪುರ ಇರಲಿಲ್ಲ. ರಾಜಧಾನಿಯಲ್ಲಿ ಇದ್ದೂ ದೇಶದಿಂದ ಹೊರಗುಳಿದೆವಲ್ಲ ಎಂದೆ. ನಮಗೇನಂತೆ, ಕಳಿಸುವುದು ಕೊಚ್ಚಿಗೆ ತಾನೇ, ಎಂದರು ಇವರು. ಸೀರೆಯ ಚಿತ್ರ ಒತ್ತಿದರು. ಅದು ಮೇಲಿನಿಂದ ಎಳೆ ಎಳೆಯಾಗಿ ಇಳಿಯತೊಡಗಿತು, ಮಗ್ಗದಲ್ಲೇ ಬೇಗ ನೇಯುತ್ತಾರೆ. ಅಂಚು ಕಂಡಿತು, ಒಂದಿಷ್ಟು ಮೈ ಕಂಡಿತು, ಸೆರಗು ಇನ್ನೇನು ಬರಬೇಕು, ಲೈನ್ ಕಡಿಯಿತು. ಇನ್ನೊಂದು ಸಂಗತಿ ಹೇಳಲು ಮರೆತೆ. ಆ ಹಳೆಯ ಕಂಪ್ಯೂಟರಿನ ಪರದೆ ಕಪ್ಪು ಬಿಳುಪಿನದು. ಬಣ್ಣ ಯಾವುದು ಅಂತ ಹೇಗೆ ತಿಳಿಯಬೇಕು ಎಂದು ಕೇಳಿದ್ದಕ್ಕೆ ಇವರು ಕೆಳಗಿನ ಇಂಗ್ಲಿಷ್ ಓದಿ ಹೇಳಿದರು: ಸಾಂಪ್ರದಾಯಿಕ, ಹಬ್ಬಕ್ಕೆಂದೇ ವಿಶೇಷ, ಚಿನ್ನದ ಅಂಚು. ಹಬ್ಬಕ್ಕೆಂದು ಮಾಡಿದ ಸೀರೆಗೆ ಅಪಶಕುನದ ಬಣ್ಣ ಯಾರು ಹಾಕುತ್ತಾರೆ ಎಂಬುದು ಅವರ ತರ್ಕ. ಉಪಗ್ರಹವನ್ನು ಕಣ್ಣಿಗೆ ಕಾಣದ ಕಕ್ಷೆಗೆ ಸೇರಿಸುವವರಿಗೆ ಕಾಣದ ಸೀರೆ ಯಾವ ಲೆಕ್ಕ? ನನ್ನ ಮಂಡಿಯೂ ಅವರ ಪಕ್ಷ ವಹಿಸಿತು. ನಾನು ತಲೆಯಾಡಿಸಿದೆ.

ಇಷ್ಟಾದ ಮೇಲೆ ಹಣ ಕಳಿಸಬೇಕಲ್ಲ. ಇವರ ಬಳಿ ಕಾರ್ಡು ಗೀರ್ಡು ಇರಲಿಲ್ಲ. ಅರ್ಧ ದಿನ ರಜೆ ಹಾಕಿ ಬ್ಯಾಂಕಿಗೆ ಹೋಗಿ ಕ್ಯೂ ನಿಂತು ಡಿ.ಡಿ. ಮಾಡಿಸಿದರು. ಅಲ್ಲಿಂದ ಮಳೆಯಲ್ಲೇ ಪೋಸ್ಟ್ ಆಫೀಸಿಗೆ ಹೋಗಿ ಅದನ್ನು ಮುಂಬೈಗೆ ಕಳಿಸಿದರು. ಪೂರ್ತಿ ನೆನೆದು ಮನೆಗೆ ಬಂದು, ತಲೆ ಒರೆಸಿಕೊಳ್ಳುತ್ತಾ, "ನೋಡಿದೆಯಾ, ಮನೆ ಬಿಟ್ಟು ಕದಲದೆ ಸೀರೆ ತಗೊಂಡಾಯ್ತು" ಎಂದರು. ನಾನು ಮೆಣಸಿನ ಕಷಾಯ ಕೊಟ್ಟೆ. ಆ ಭಾನುವಾರ ತುಮಕೂರಿನಲ್ಲಿರುವ ನನ್ನ ಅಣ್ಣ ಸೀನಣ್ಣನಿಗೂ ಫೋನ್ ಮಾಡಿ ಕೊಚ್ಚಿಕೊಂಡರು. ಸೀನಣ್ಣ ಪಾಪ, ಪ್ರತಿ ವರ್ಷ ನನ್ನ ಅರಿಶಿನ ಕುಂಕುಮಕ್ಕೆ ಮನಿಯಾರ್ಡರ್ ಕಳಿಸುವವನು. ಆ ಕಡೆಯಿಂದ ಅವನು ಹೌದಾ ಹೌದಾ ಎನ್ನುವುದು ನನಗೂ ಕೇಳುತ್ತಿತ್ತು.

ಹಬ್ಬಕ್ಕೆ ಇನ್ನು ಮೂರು ದಿನ ಇದೆ ಎನ್ನುವಾಗ ವತ್ಸಲಾಳ ಫೋನ್ ಬಂತು.

"ಅತ್ತಿಗೆ, ಒಂದು ಡಬ್ಬ ಬಂದಿದೆ."

ಬಂತಂತೆ ಎಂದು ನಾನು ಇವರಿಗೆ ಸನ್ನೆ ಮಾಡಿದೆ. ಇವರು ಗೆದ್ದವರ ಹಾಗೆ ಕೈ ಎತ್ತಿದರು.

"ಡಬ್ಬ ಬಂದಿದೆ, ತವರಿನಿಂದ ಯಾರೂ ಬಂದಿಲ್ಲ," ಎಂದಳು ವತ್ಸಲಾ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಸಿಟ್ಟಿದ್ದರೆ ನಾನೂ ಎರಡು ಮಾತು ಆಡಬಹುದಿತ್ತು. "ಸೈಕಲ್ ಮೇಲೆ ಯಾವನೋ ತಂದ, ಸೈನ್ ಹಾಕಿಸ್ಕೊಂಡ, ಹೋದ. ಕುಂಕುಮ ಇಲ್ಲ, ಕಾಯಿ ಇಲ್ಲ. ದೇವರ ಮನೇಲಿ ಇಡೋದಾ, ಚಪ್ಪಲಿ ಸ್ಟ್ಯಾಂಡ್ ಮೇಲೆ ಇಡೋದಾ ಗೊತ್ತಾಗಲಿಲ್ಲ. ಸದ್ಯಕ್ಕೆ ಫ್ರಿಜ್ ಮೇಲೆ ಇಟ್ಟಿದ್ದೀನಿ."

ಯಾಕೋ ಆ ಫ್ರಿಜ್ಜು ನನ್ನ ಕಣ್ಣ ಮುಂದೆಯೇ ನಿಂತಿತು. ಇವರಿಗೆ ಹೇಳಿದರೆ, ಫ್ರಿಜ್ ಮೇಲೆ ಇಟ್ಟರೆ ಏನಾಯ್ತೀಗ, ಒಳಗೆ ಇಟ್ಟಿಲ್ಲವಲ್ಲ, ಎಂದರು. ಸಂಜೆಯ ದೀಪ ಹಚ್ಚುವಾಗ ಗೋಡೆಯ ಮೇಲಿನ ಅತ್ತೆಯವರ ಫೋಟೋ ನೋಡಿದೆ. ಅವರು ಏನೂ ಅನ್ನಲಿಲ್ಲ. ಬದುಕಿದ್ದಾಗಲೂ ಅವರು ಏನೂ ಅನ್ನದೆಯೇ ನನ್ನಿಂದ ಕೆಲಸ ಮಾಡಿಸುತ್ತಿದ್ದರು. ಮಾರನೆಯ ದಿನ ಬೆಳಿಗ್ಗೆ ಚಾಲೈ ಬಜಾರಿಗೆ ಹೊರಟೆ.

ಚಾಲೈಯಲ್ಲಿ ನನಗೆ ಒಬ್ಬ ಅಂಗಡಿಯವನಿದ್ದಾನೆ. ಎಲ್ಲರೂ ಅಣ್ಣಾಚಿ ಎನ್ನುತ್ತಾರೆ. ಕಾಯಿ, ಬೆಲ್ಲ, ಅರಿಶಿನದ ಕೊಂಬು, ಪೂಜೆಯ ಸಾಮಾನೆಲ್ಲ ಅವನಲ್ಲೇ. ಮೊರಕ್ಕೆ ಇಲ್ಲಿ ಮುರಂ ಎನ್ನುತ್ತಾರೆ. ಅತ್ತೆಯವರ ಕಾಲದಿಂದಲೂ ಅವನಿಗೆ ಈ ಕನ್ನಡದ ಅಮ್ಮಂದಿರು ವರ್ಷಕ್ಕೊಮ್ಮೆ ಎರಡೆರಡು ಮುರಂ ಯಾಕೆ ಒಯ್ಯುತ್ತಾರೆ, ಹಳೆಯದನ್ನು ಏನು ಮಾಡುತ್ತಾರೆ ಎಂಬುದು ಬಗೆಹರಿಯದ ಪ್ರಶ್ನೆ. ಆ ದಿನ ಅವನು ಅತ್ತೆಯವರನ್ನು ವಿಚಾರಿಸಿದ. ಇಲ್ಲ ಎಂದೆ. ಅವನು ಮುಂದಿಟ್ಟ ಮೊರಗಳನ್ನು ವಾಪಸ್ಸು ತೆಗೆದು, ಒಳಗಿನಿಂದ ಬೇರೆ ಜೋಡಿ ತಂದುಕೊಟ್ಟ. ನನ್ನ ಕಣ್ಣಿಗೆ ಎರಡೂ ಒಂದೇ ಥರ ಇದ್ದವು. ಆದರೂ ಸಂತೋಷವಾಯಿತು. ಪರದೆಯ ಅಂಗಡಿಯಲ್ಲಿ ಹೀಗೆ ಒಳಗೆ ಹೋಗಿ ಬರುವವರು ಇರುವುದಿಲ್ಲ.

ಕರಿಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ಬೇಳೆ, ಬೆಲ್ಲ ಎಲ್ಲ ಮೊರಕ್ಕೆ ತುಂಬಿ, ಇನ್ನೊಂದು ಮೊರ ಮುಚ್ಚಿ ಕಟ್ಟಿ, ರೈಲು ಹತ್ತಿದೆ. ದೇವರ ದಯೆ, ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಇನ್ನೊಂದು ದಯೆ, ಯಾರೂ ಮೊರದ ಬೆಲೆ ಕೇಳಲಿಲ್ಲ. ಚೀಲದಲ್ಲಿ ನನ್ನದೊಂದು ಹೊಸ ಹಸಿರು ರೇಷ್ಮೆ ಸೀರೆ ಇತ್ತು. ಸೀನಣ್ಣನ ಮನಿಯಾರ್ಡರುಗಳನ್ನು ಕೂಡಿಟ್ಟು ಕೊಂಡದ್ದು, ಇನ್ನೂ ಮಡಿಕೆ ಬಿಚ್ಚಿರಲಿಲ್ಲ. ಬಾಗಿನ ಕೊಡುವವಳು ರೈಲಿನ ನೈಲಾನ್ ಸೀರೆಯಲ್ಲಿ ಕೊಟ್ಟರೆ ಚೆನ್ನಾಗಿರುವುದಿಲ್ಲವಲ್ಲ. ಯೋಚಿಸಿದರೆ ನಗುವೂ ಬಂತು. ಮನೆ ಬಾಗಿಲಿಗೇ ತಲುಪಿಸುತ್ತೇವೆ ಎಂದು ಮುಂಬೈಯವರು ಹೇಳಿದ್ದು ಸುಳ್ಳಲ್ಲ. ಬಾಗಿಲಿಗೆ ಅವರು ತಲುಪಿಸಿದ್ದರು. ಬಾಗಿಲಿನಿಂದ ಒಳಗೆ ತಲುಪಿಸಲು ನಾನು ಹೊರಟಿದ್ದೆ.

ಕಲೂರಿನ ಮನೆಯ ಬಾಗಿಲಲ್ಲಿ ನನ್ನನ್ನು, ಕಂಕುಳಲ್ಲಿದ್ದ ಮೊರವನ್ನು ಕಂಡ ವತ್ಸಲಾ ಮೊದಲು ನನ್ನ ಹಿಂದೆ ಬೀದಿಯ ಕಡೆ ಇಣುಕಿದಳು. ಆಮೇಲೆ, "ಅಣ್ಣನೂ ಬರ್ತಿದ್ದಾನಾ, ಇಲ್ಲಾ ಅವನನ್ನೂ ಡಬ್ಬದಲ್ಲಿ ಹಾಕಿ ಕಳಿಸಿದ್ದೀರಾ?" ಎಂದಳು. ಇಬ್ಬರೂ ನಕ್ಕೆವು. ನಗುತ್ತಲೇ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಕಾಫಿ ಕುಡಿದು, ಕೈಕಾಲು ತೊಳೆದು, ಡಬ್ಬವನ್ನು ಫ್ರಿಜ್ಜಿನ ಮೇಲಿನಿಂದ ಇಳಿಸಿ ದೇವರ ಮುಂದಿಟ್ಟು ಕುಂಕುಮ ಹಚ್ಚಿದೆವು. ನಾನೇ ಕತ್ತರಿಯಲ್ಲಿ ಕೊಯ್ದು ಬಿಚ್ಚಿದೆ.

ಒಳಗಿದ್ದದ್ದು ಬಿಳಿ ಸೀರೆ. ಅಚ್ಚ ಹಾಲುಬಿಳುಪು, ಚಿನ್ನದ ಅಂಚು, ಕೇರಳದವರ ಕಸವಿನ ಸೀರೆ. ಓಣಂ ಬಂತೆಂದರೆ ಕೊಚ್ಚಿಯ ಬೀದಿ ಬೀದಿಯಲ್ಲೂ ತೂಗುಹಾಕಿ ಮಾರುವಂಥದ್ದು. ಇವರು ಓದಿದ ಒಂದಕ್ಷರವೂ ತಪ್ಪಿರಲಿಲ್ಲ. ಸಾಂಪ್ರದಾಯಿಕವೂ ಹೌದು, ಹಬ್ಬದ್ದೂ ಹೌದು. ಆದರೆ ಹಬ್ಬ ಬೇರೆಯವರದು. ನಮ್ಮ ಕಡೆ ಮುತ್ತೈದೆಗೆ ಗೌರಿಯ ದಿನ ಬಿಳಿ ಸೀರೆ ಕೊಡುವುದುಂಟೇ? ಅದೂ ತಾಯಿಯನ್ನು ಕಳೆದುಕೊಂಡ ಮೇಲಿನ ಮೊದಲ ಹಬ್ಬಕ್ಕೆ. ವತ್ಸಲಾ ಸೀರೆಯನ್ನು ಮುಟ್ಟದೆ, "ಅಣ್ಣನೇ ಆರಿಸಿದ್ದಾ?" ಎಂದು ಮೆಲ್ಲಗೆ ಕೇಳಿದಳು. ನಾನು ಏನಾದರೂ ಮಾಡಬೇಕಲ್ಲ ಎಂದು ಸೀರೆ ತಿರುಗಿಸಿದರೆ ಮೂಲೆಯಲ್ಲಿ ನೇಯ್ದವರ ಚೀಟಿ ಅಂಟಿಸಿತ್ತು: ಬಾಲರಾಮಪುರಂ. ನಮ್ಮ ಮನೆಯಿಂದ ಬಸ್ಸು ಹತ್ತಿದರೆ ಅಡುಗೆಗೆ ಮೊದಲೇ ಹೋಗಿ ಬರಬಹುದಾದ ಊರು. ನಮ್ಮ ಪಕ್ಕದ ಮಗ್ಗದಿಂದ ಇಳಿದ ಸೀರೆ ಮುಂಬೈಗೆ ಹೋಗಿ, ಪರದೆಯೊಳಗೆ ಹೊಕ್ಕು, ಅರ್ಧ ಮೈ ತೋರಿಸಿ, ಮತ್ತೆ ಕೇರಳಕ್ಕೇ ಬಂದು ಫ್ರಿಜ್ ಮೇಲೆ ಕೂತಿತ್ತು. ನಾನು ವತ್ಸಲಾಳಿಗೆ ಕಪ್ಪು ಬಿಳುಪು ಪರದೆ, ಕಡಿದ ಲೈನು, ಮಳೆಯಲ್ಲಿ ನೆಂದ ಡಿ.ಡಿ. ಎಲ್ಲ ಕತೆ ಹೇಳಿದೆ. ಮೊದಲು ತುಟಿ ಬಿಗಿಹಿಡಿದು ಕೇಳಿದಳು. ಆಮೇಲೆ ತಡೆಯಲಾಗದೆ, "ಅಮ್ಮ ಇದ್ದಿದ್ರೆ ಕಂಪ್ಯೂಟರನ್ನೇ ಮೊರದಲ್ಲಿ ಹಾಕಿ ಕೇರಿಬಿಡ್ತಿದ್ರು" ಎಂದು ನಗಲು ಶುರುಮಾಡಿದಳು.

ಅಷ್ಟರಲ್ಲಿ ಅವಳ ಮಗಳು ಮೈತ್ರಿ ಶಾಲೆಯಿಂದ ಬಂದಳು. ನಾವು ಕನ್ನಡದಲ್ಲಿ ಏನು ಕೇಳಿದರೂ ಮಲಯಾಳದಲ್ಲಿ ಉತ್ತರ ಕೊಡುವ ಹುಡುಗಿ. ಚೀಲವನ್ನು ಮೂಲೆಗೆಸೆದು, ಬಿಳಿ ಸೀರೆಯನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ಹಿಡಿದು, "ಅಮ್ಮಾಯೀ, ಇದ್ ಎನಿಕ್ಕುಳ್ಳ ಓಣಕ್ಕೋಡಿಯಲ್ಲೇ?" ಎಂದಳು. ಅತ್ತೆ, ಇದು ನನಗೆ ತಂದ ಓಣಂ ಬಟ್ಟೆ ತಾನೇ, ಎಂದು. ಅವಳ ಗೆಳತಿಯರಿಗೆಲ್ಲ ಓಣಂಗೆ ಅಜ್ಜಿಯೋ ಸೋದರಮಾವನೋ ಹೊಸ ಬಟ್ಟೆ ತರುತ್ತಾರಂತೆ. ಅವಳಿಗೆ ಮಾತ್ರ ಇದುವರೆಗೆ ಯಾರೂ ತಂದಿರಲಿಲ್ಲವಂತೆ. ಹೌದಮ್ಮ, ನಿನಗೇ, ನಿನ್ನ ಮಾವ ಬಹಳ ಯೋಚಿಸಿ ಆರಿಸಿದ್ದು ಎಂದೆ. ದೇವರ ಪಟದ ಗೌರಿಯ ಎದುರಿಗೆ ಹೇಳಿದ ಸುಳ್ಳು. ಗೌರಿಗೂ ಅಣ್ಣತಮ್ಮಂದಿರ ವಿಷಯ ಗೊತ್ತಿರುತ್ತದೆ ಎಂದುಕೊಂಡು ಕೈ ಮುಗಿದೆ.

ಇನ್ನು ಬಾಗಿನಕ್ಕೆ ಸೀರೆ ಬೇಕಲ್ಲ. ಚೀಲದಿಂದ ನನ್ನ ಹಸಿರು ರೇಷ್ಮೆ ತೆಗೆದು ಮೊರದ ಮೇಲಿಟ್ಟೆ. ವತ್ಸಲಾ ಹಿಂದೆ ಸರಿದಳು. "ಇದು ನಿಮ್ಮ ತವರಿನದು ಅತ್ತಿಗೆ, ನನಗೆ ಬೇಡ."

"ನನ್ನ ತವರಿಂದ ನಿನ್ನ ತವರಿಗೆ ಬಂದಿತ್ತು. ಅಲ್ಲಿಂದ ನಿನಗೆ ಬಂತು. ಸುಮ್ಮನೆ ಸೆರಗೊಡ್ಡು," ಎಂದೆ.

ಒಡ್ಡಿದಳು. ಇಬ್ಬರೂ ಮೊರ ಹಿಡಿದು ನಿಂತೆವು. ಕೊಡುವವಳು ರೈಲಿನ ನೈಲಾನಿನಲ್ಲಿ, ತೆಗೆದುಕೊಳ್ಳುವವಳು ಮನೆಯ ವಾಯಿಲ್ ಸೀರೆಯಲ್ಲಿ, ಮಧ್ಯದಲ್ಲಿ ರೇಷ್ಮೆ. ಮಾರನೆಯ ದಿನ ರೈಲು ಹತ್ತಿಸುವಾಗ ಅವಳು ಹೇಳಿದಳು: "ಮುಂದಿನ ವರ್ಷವೂ ಆ ಡಬ್ಬದಲ್ಲೇ ಕಳಿಸಿ ಅತ್ತಿಗೆ. ಡಬ್ಬ ಬಂದರೆ ಹಿಂದೆಯೇ ನೀವೂ ಬರ್ತೀರಿ."

ಹಬ್ಬ ಮುಗಿಯಿತು. ನಾನು ಹಳೆಯ ಸೀರೆಯಲ್ಲೇ ಗೌರಿ ಪೂಜೆ ಮಾಡಿದೆ. ಸೀನಣ್ಣನ ಮನಿಯಾರ್ಡರ್ ಆ ವರ್ಷ ಬರಲಿಲ್ಲ. ಕೇಳುವುದು ಹೇಗೆ? ತವರನ್ನು ಬಾಯಿಬಿಟ್ಟು ಕೇಳಬಾರದು. ಪೋಸ್ಟ್‌ಮ್ಯಾನ್ ಗೇಟು ದಾಟಿ ಮುಂದೆ ಹೋದಾಗಲೆಲ್ಲ ಏನೋ ನೆಪ ಮಾಡಿಕೊಂಡು ಒಳಗೆ ಬರುತ್ತಿದ್ದೆ. ವತ್ಸಲಾ ಆಷಾಢದಲ್ಲಿ ಹಬ್ಬ ಇದೆಯಾ ಎಂದು ಕೇಳಿದ್ದು ಯಾಕೆಂದು ಆಗ ಇನ್ನೂ ಚೆನ್ನಾಗಿ ಅರ್ಥವಾಯಿತು. ಹೀಗಿರುವಾಗ ಒಂದು ಸಂಜೆ ವತ್ಸಲಾಳ ಫೋನ್.

"ಅತ್ತಿಗೆ, ಇನ್ನೊಂದು ಡಬ್ಬ ಬಂದಿದೆ. ನಿಮ್ಮ ಹೆಸರಿಗೆ. ತುಮಕೂರಿನ ಸೀನಣ್ಣ ಕಳಿಸಿದ್ದು."

ನಾನು ಇವರ ಕಡೆ ತಿರುಗಿದೆ. ಪೇಪರ್ ಸ್ವಲ್ಪ ಮೇಲಕ್ಕೆದ್ದು ಮುಖ ಮುಚ್ಚಿತು. ಸೀನಣ್ಣ ಹಣವನ್ನು ಇವರ ಆಫೀಸಿನ ವಿಳಾಸಕ್ಕೆ ಕಳಿಸಿದ್ದನಂತೆ. ಇವರೇ ಆರಿಸಿ ಆರ್ಡರ್ ಮಾಡಿದ್ದರಂತೆ. ನಮ್ಮ ಊರು ಪಟ್ಟಿಯಲ್ಲಿಲ್ಲವಾದ್ದರಿಂದ ವತ್ಸಲಾಳ ವಿಳಾಸ ಕೊಟ್ಟರಂತೆ. ನನಗೆ ತಿಳಿಯದ ಹಾಗೆ ನಡೆಸಿದ ರಾಕೆಟ್ಟಿನ ಕೆಲಸ ಇದು.

"ಫ್ರಿಜ್ ಮೇಲೆ ಇಟ್ಟಿಲ್ಲ ಅತ್ತಿಗೆ," ಎಂದಳು ವತ್ಸಲಾ. "ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟಿದ್ದೀನಿ. ಭಾನುವಾರ ನಾನೇ ತರ್ತೀನಿ, ಮೊರದ ಜೊತೆ."

ಕೇಳದೆ ಬಂದ ತವರು, ಅದನ್ನು ಹೊತ್ತು ತರುವ ನಾದಿನಿ, ಇದಕ್ಕಿಂತ ದೊಡ್ಡ ದಯೆಯನ್ನು ನನ್ನ ಚಿಲ್ಲರೆ ವ್ಯಾಪಾರದಲ್ಲಿ ದೇವರು ಯಾವತ್ತೂ ತೂಗಿಕೊಟ್ಟಿರಲಿಲ್ಲ. ಅಂಥ ಹೊತ್ತಿನಲ್ಲಿ ದೈವಭಕ್ತೆಯಾದವಳು ಒಂದು ಒಳ್ಳೆಯ ಮಾತು ಆಡಬೇಕು. ನಾನು ರಿಸೀವರನ್ನು ಬಾಯಿಗೆ ಹತ್ತಿರ ಹಿಡಿದು, ಪೇಪರಿನ ಹಿಂದಿದ್ದವರಿಗೆ ಕೇಳಿಸದ ಹಾಗೆ ಹೇಳಿದೆ:

"ಡಬ್ಬದ ಒಂದು ಮೂಲೆ ಹರಿದು ನೋಡೇ ವತ್ಸಲಾ. ಬಿಳಿ ಅಲ್ಲ ತಾನೇ?"